ಬಳ್ಳಾರಿಯ ಬಂಡೆಗಳು: ಒಂದು ದಿನದ ನಡಿಗೆ



ಊರನ್ನು ನೋಡಿ ಬರುವುದಕ್ಕೆ ವಾಹನಗಳು ಬೇಕಾದಷ್ಟುಂಟು. ಊರನ್ನು ಅರಿತು ಬರುವುದಕ್ಕೆ ಮಾತ್ರ ಕಾಲ್ನಡಿಗೆಯೇ ಆಗಬೇಕು. ಈ ಹೊತ್ತು ನಾವು ತಮ್ಮನ್ನು ಬಳ್ಳಾರಿ ಸೀಮೆಗೆ ಕರೆದೊಯ್ಯಬೇಕೆಂದಿದ್ದೇವೆ. ಬಳ್ಳಾರಿಯೆಂದೊಡನೆ ಬಿಸಿಲು, ಸೆರೆಮನೆ, ಗಣಿ ಇವೇ ಬಹುಮಂದಿಯ ನೆನಪಿಗೆ ಬರುತ್ತವೆ. ಆ ಬಿಸಿಲಿನಲ್ಲಿ ಯುಗಯುಗಗಳಿಂದ ಕಾದು ನಿಂತಿರುವ ಬಂಡೆಗಳನ್ನು ನೆನೆಯುವವರು ವಿರಳ. ಆದರೆ ಈ ನಾಡಿನ ಶಿಲ್ಪವೆಲ್ಲವೂ ಆ ಬಂಡೆಗಳಿಂದಲೇ ಹುಟ್ಟಿತು. ಬಳ್ಳಾರಿಯಲ್ಲಿ ಬಂಡೆಯು ಕೋಟೆಯಾಯಿತು, ಕುರುಗೋಡಿನಲ್ಲಿ ದೇವರಾಯಿತು, ಸಿರುಗುಪ್ಪದ ಬಳಿ ಪುಸ್ತಕದ ಪುಟವಾಯಿತು. ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಿಬರೋಣ.

ಹೊತ್ತು ಮೂಡುವ ಮೊದಲೇ ಹೊರಡತಕ್ಕದ್ದು. ನೀರಿನ ಪಾತ್ರೆಯನ್ನು ಮರೆಯತಕ್ಕದ್ದಲ್ಲ. ಬಳ್ಳಾರಿ ಕೋಟೆಯ ಬೆಟ್ಟವು ಒಂದೇ ರಾಶಿಯಾಗಿ ಬಯಲಿನಿಂದ ಥಟ್ಟನೆ ಮೇಲೆದ್ದಿದೆ. ಇದರ ಸುತ್ತಳತೆ ಸುಮಾರು ಎರಡು ಮೈಲಿ. ಪೂರ್ವದ ಬಾಗಿಲ ಹೊರಗೆ ಕೋಟೆ ಆಂಜನೇಯನ ಗುಡಿಯುಂಟು. ಅಲ್ಲಿ ಕೈಮುಗಿದು ಒಳಹೊಕ್ಕರೆ ಕೆಳಕೋಟೆ. ಇದರ ಗೋಡೆಗಳನ್ನು ಗಮನಿಸಬೇಕು. ಸಾಲುಸಾಲಾಗಿ ಕೊತ್ತಲಗಳು, ಅವುಗಳ ಮುಂದೆ ಆಳವಾದ ಕಂದಕ. ಇದು ಹೈದರಾಲಿಯು 18ನೆಯ ಶತಮಾನದ ಉತ್ತರಾರ್ಧದಲ್ಲಿ ಕೋಟೆಯನ್ನು ವಶಪಡಿಸಿಕೊಂಡ ಮೇಲೆ ಕಟ್ಟಿಸಿದುದು.

ಇಲ್ಲಿಂದ ಮೆಟ್ಟಿಲು ಹಿಡಿದು ಏರತೊಡಗಿದರೆ ಮತ್ತೊಂದು ಕಾಲವನ್ನೇ ಹೊಕ್ಕಂತಾಗುತ್ತದೆ. ಮೇಲುಕೋಟೆಯನ್ನು ಕಟ್ಟಿಸಿದವನು ವಿಜಯನಗರದರಸರ ಸಾಮಂತನಾಗಿದ್ದ ಹನುಮಪ್ಪನಾಯಕನೆಂದು ಪ್ರಸಿದ್ಧಿ. ಇಲ್ಲಿ ಗೋಡೆ ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಮೊದಲಾಯಿತು ಎಂದು ಹೇಳುವುದೇ ಕಷ್ಟ. ಎರಡು ಗುಂಡುಗಳ ನಡುವಣ ಸಂದನ್ನು ಮಾತ್ರ ಕಟ್ಟಡದಿಂದ ಮುಚ್ಚಿ, ಉಳಿದುದನ್ನು ಬೆಟ್ಟಕ್ಕೇ ಬಿಟ್ಟುಕೊಟ್ಟಿದ್ದಾರೆ. ನೆತ್ತಿಗೆ ಹೋಗುವ ದಾರಿಯು ಒಂದೇ. ಮೇಲೆ ಮಳೆಯ ನೀರನ್ನು ಹಿಡಿದಿಡುವ ಕೊಳಗಳುಂಟು. ಏಣಿ ಹಾಕಿ ಹತ್ತುವ ಶತ್ರುವನ್ನು ತಡೆಯುವುದಕ್ಕೆ ಇಷ್ಟೇ ಸಾಕಾಗಿತ್ತು.

ನೆತ್ತಿಯಲ್ಲಿ ನಿಂತಾಗ ಎದುರಿಗೆ ಕಾಣುವುದೇ ಕುಂಬಾರಗುಡ್ಡ. ಒಂದು ದಿಕ್ಕಿನಿಂದ ನೋಡಿದರೆ ಮನುಷ್ಯನ ಮುಖದಂತೆ ಕಾಣುವುದರಿಂದ ಆಂಗ್ಲರು ಇದನ್ನು ಫೇಸ್ ಹಿಲ್ ಎಂದು ಕರೆದರು. ಊರಿನವರು ಇಲ್ಲಿ ಒಂದು ಕಥೆಯನ್ನು ತಪ್ಪದೆ ಹೇಳುತ್ತಾರೆ. ಹೈದರನು ಒಬ್ಬ ಫ್ರೆಂಚ್ ಶಿಲ್ಪಿಯಿಂದ ಕೋಟೆಯನ್ನು ಬಲಪಡಿಸಿದನಂತೆ; ಕೆಲಸವೆಲ್ಲ ಮುಗಿದ ಮೇಲೆ, ಎದುರಿನ ಗುಡ್ಡವು ಕೋಟೆಗಿಂತ ಎತ್ತರವಾಗಿದೆಯೆಂಬುದು ತಿಳಿಯಿತಂತೆ; ಕೋಪಗೊಂಡ ಹೈದರನು ಆ ಶಿಲ್ಪಿಯನ್ನು ಗಲ್ಲಿಗೇರಿಸಿದನಂತೆ. ಅವನ ಗೋರಿಯು ಪೂರ್ವದ ಬಾಗಿಲ ಬಳಿ ಇದೆಯೆಂದು ಇಂದಿಗೂ ತೋರಿಸುತ್ತಾರೆ.

ಇದು ನಡೆದುದೋ ಕಟ್ಟಿದುದೋ, ಆ ಚರ್ಚೆ ಇಲ್ಲಿ ಬೇಡ. ಕಥೆಯೊಳಗಿನ ಸತ್ಯವು ಬೇರೆ ಇದೆ. ನಾಯಕನ ಕಾಲಕ್ಕೆ ಆ ಗುಡ್ಡವು ಬರಿಯ ನೆರೆಯ ಗುಡ್ಡ. ಫಿರಂಗಿಯ ಕಾಲಕ್ಕೆ ಅದೇ ವೈರಿಯ ಹೆಗಲು. ಬೆಟ್ಟಗಳೆರಡೂ ಇದ್ದಲ್ಲೇ ಇದ್ದುವು. ಯುದ್ಧದ ರೀತಿ ಮಾತ್ರ ಬದಲಾಯಿತು. ಮೇಲುಕೋಟೆಯ ಎತ್ತರವನ್ನೂ ಕೆಳಕೋಟೆಯ ಕಂದಕವನ್ನೂ ಒಂದೇ ಮುಂಜಾನೆ ನೋಡಿದವರಿಗೆ ಈ ಮಾರ್ಪಾಟು ಗ್ರಂಥದ ಸಹಾಯವಿಲ್ಲದೆಯೇ ತಿಳಿಯುತ್ತದೆ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಆಂಗ್ಲರಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಇಲ್ಲಿಯ ಪ್ರಧಾನ ಕಲೆಕ್ಟರನಾದನು. ಒಂದೂವರೆ ಶತಮಾನ ಮದರಾಸಿಗೆ ಸೇರಿದ್ದ ಬಳ್ಳಾರಿಯು 1953ನೆಯ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು.

ಬಿಸಿಲೇರುವ ಮುನ್ನ ಇಳಿದು, ವಾಯವ್ಯಕ್ಕೆ ಪ್ರಯಾಣ ಮಾಡಿ, ಮಧ್ಯಾಹ್ನಕ್ಕೆ ಕುರುಗೋಡನ್ನು ಸೇರೋಣ. ಇದು 12ನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿತ್ತು. ಅವರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಇಲ್ಲಿಯೂ ಬೆಟ್ಟ, ಇಲ್ಲಿಯೂ ಕೋಟೆ, ಬೆಟ್ಟದ ಮಗ್ಗುಲಲ್ಲಿ ಹಾಳುಬಿದ್ದ ಹಳೆಯ ಗುಡಿಗಳು. ಆದರೆ ಊರಿನ ಜೀವವಿರುವುದು ದೊಡ್ಡಬಸವೇಶ್ವರನ ಆಲಯದಲ್ಲಿ. ಶಿವಾಲಯಗಳಲ್ಲಿ ನಂದಿಯು ಲಿಂಗದೆದುರಿಗೆ ಮಲಗಿ ಕಾಯುವುದು ವಾಡಿಕೆ. ಕುರುಗೋಡಿನಲ್ಲಿ ಕಾಯುವವನೇ ಗರ್ಭಗುಡಿಯನ್ನೇರಿ ಪೂಜೆಗೊಳ್ಳುತ್ತಾನೆ. ಸುಮಾರು ಹನ್ನೆರಡು ಅಡಿ ಎತ್ತರದ ಏಕಶಿಲೆಯ ಈ ಬಸವನ ಮುಂದೆ ನಿಂತಾಗ, ಬೆಳಿಗ್ಗೆ ನೋಡಿದ ಒರಟು ಬಂಡೆಯೇ ಇದು ಎಂದು ನಂಬುವುದು ಕಷ್ಟವಾಗುತ್ತದೆ. ಅರಮನೆಗಳು ಅಳಿದುವು, ಸಿಂದರ ಹೆಸರನ್ನು ಶಾಸನಗಳಲ್ಲಿ ಹುಡುಕಬೇಕು. ಬಸವನ ತೇರು ಮಾತ್ರ ಪ್ರತಿವರ್ಷವೂ ಎಳೆಯಲ್ಪಡುತ್ತಿದೆ. ಜನರು ನಿತ್ಯವೂ ಬಳಸುವ ಕಟ್ಟಡವನ್ನು ಕಾಲವು ಬೇಗನೆ ಮುಟ್ಟಲಾರದು.

ಸಂಜೆಗೆ ಸಿರುಗುಪ್ಪ. ಸಿರಿಯ ಗುಪ್ಪೆಯೇ ಸಿರುಗುಪ್ಪವೆಂದು ಊರಿನವರು ಅರ್ಥ ಹೇಳುತ್ತಾರೆ; ಬತ್ತದ ಗದ್ದೆಗಳನ್ನು ನೋಡಿದವರು ಅಲ್ಲಗಳೆಯಲಾರರು. ಇಲ್ಲಿಯ ಶಿಲ್ಪವು ನೆಲದ ಮಟ್ಟದಲ್ಲಿಯೇ ಇದೆ. ತುಂಗಭದ್ರೆಗೆ ಕಲ್ಲಿನ ಅಣೆಕಟ್ಟೆಗಳನ್ನು ಅಡ್ಡಹಾಕಿ ನೀರನ್ನು ತಿರುಗಿಸಿದ ವಿಜಯನಗರದ ಕಾಲುವೆಗಳಲ್ಲಿ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳೂ ಸೇರಿವೆ. ಗೋಪುರಕ್ಕೆ ಕೊಡುವ ಮರ್ಯಾದೆಯನ್ನು ಇವುಗಳಿಗೂ ಕೊಡಬೇಕು.

ಇದೇ ತಾಲೂಕಿನ ನಿಟ್ಟೂರು, ಉಡೇಗೋಳಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಸಾಮಾನ್ಯವಾಗಿ ದೇವಾನಾಂಪ್ರಿಯನೆಂಬ ಬಿರುದನ್ನೇ ಬಳಸುವ ಆ ದೊರೆಯ ನಿಜನಾಮವು ಈ ಎಡೆಗಳಲ್ಲಿ ಸ್ಪಷ್ಟವಾಗಿ ದೊರೆಯಿತು. ಧರ್ಮಕ್ಕಾಗಿ ದೊಡ್ಡವರಂತೆ ಚಿಕ್ಕವರೂ ಶ್ರಮಿಸಬೇಕು, ಫಲವು ಇಬ್ಬರಿಗೂ ಉಂಟು ಎಂಬುದು ಆ ಉಪದೇಶದ ಸಾರ. ಬಂಡೆಯನ್ನು ಕಡಿಯದೆ, ಸಾಗಿಸದೆ, ಇದ್ದಲ್ಲಿಯೇ ಬರೆದ ಈ ಪುಟವು ಇಪ್ಪತ್ತೆರಡು ಶತಮಾನಗಳನ್ನು ದಾಟಿ ಉಳಿದಿದೆ.

ಉಳಿದುದೆಲ್ಲವೂ ಹೀಗೆಯೇ ಉಳಿಯುವುದೆಂದು ನಾವು ನೆಚ್ಚಿಕೊಳ್ಳಲಾಗದು. ಬಳ್ಳಾರಿಯ ಮಗ್ಗುಲಲ್ಲಿರುವ ಸಂಗನಕಲ್ಲಿನ ಗುಡ್ಡಗಳಲ್ಲಿ ನೂತನ ಶಿಲಾಯುಗದ ಜನರು ಬಿಡಿಸಿದ ಚಿತ್ರಗಳಿಗೆ ಕಲ್ಲುಗಣಿಯಿಂದ ಹಾನಿಯಾಗಿದೆ. ಸಾವಿರಾರು ವರ್ಷ ಮಳೆಬಿಸಿಲುಗಳು ಮಾಡದುದನ್ನು ಜಲ್ಲಿಯ ಆಸೆಯು ಕೆಲವೇ ದಿನಗಳಲ್ಲಿ ಮಾಡಬಲ್ಲುದು. ಬೆಟ್ಟದ ಮೇಲಿನ ಕಟ್ಟಡವನ್ನು ರಕ್ಷಿಸಿ ಬೆಟ್ಟವನ್ನೇ ಮಾರಿದರೆ ಏನು ಉಳಿದಂತಾಯಿತು? ಈ ಸೀಮೆಯಲ್ಲಿ ಬೆಟ್ಟವೂ ಕಟ್ಟಡವೂ ಬೇರೆಬೇರೆಯಲ್ಲವೆಂಬುದನ್ನು ಈ ದಿನದ ನಡಿಗೆಯೇ ನಮಗೆ ಕಲಿಸಿತಷ್ಟೆ.

ತಾವು ಬಳ್ಳಾರಿಗೆ ಹೋದಾಗ ಮಕ್ಕಳನ್ನೂ ಕರೆದುಕೊಂಡು ಕೋಟೆಯನ್ನು ಹತ್ತಿರಿ. ಅಲ್ಲಲ್ಲಿ ಗೋಡೆಯ ಮೇಲೆ ಯಾತ್ರಿಕರು ಗೀಚಿದ ಹೆಸರುಗಳು ಕಂಡಾವು. ಆಗ ಮಕ್ಕಳಿಗೆ ನಿಟ್ಟೂರಿನ ಬಂಡೆಯ ವಿಷಯವನ್ನು ಹೇಳಿರಿ: ಕಲ್ಲಿನ ಮೇಲೆ ಹೆಸರು ಬರೆಯಿಸಿದ ದೊರೆಯು ಅದರ ಜೊತೆಯಲ್ಲಿ ಲೋಕಕ್ಕೆ ಬೇಕಾದ ಒಂದು ಮಾತನ್ನೂ ಬರೆಯಿಸಿದನು. ಅಂತಹ ಮಾತು ನಮ್ಮಲ್ಲಿ ಇಲ್ಲವಾದರೆ, ಬಂಡೆಯನ್ನು ಅದರ ಪಾಡಿಗೆ ಬಿಟ್ಟು, ನೋಡಿ ನಮಸ್ಕರಿಸಿ ಬರುವುದೇ ಲೇಸು.