ಕಾಣದ ಬೆಳಕು ತೋರಿದ ಅಕ್ಷರಗಳು

(ಶಾಲಾ ವಾರ್ಷಿಕೋತ್ಸವದ ಅಂಗವಾಗಿ ಮಾಡಿದ ಭಾಷಣ)



‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಂಡದ್ದನ್ನೇ ಪರೀಕ್ಷಿಸಿ ನಂಬಬೇಕೆಂದ ಮೇಲೆ, ಕಾಣದ್ದನ್ನು ಇಲ್ಲವೆಂದು ತಳ್ಳಿಹಾಕುವ ಮೊದಲು ಇನ್ನೆಷ್ಟು ವಿಚಾರ ಮಾಡಬೇಕು! ಈ ಮಾತಿಗೆ ನಿದರ್ಶನವಾಗಿ, ಇನ್‌ಫ್ರಾರೆಡ್ ಎಂದು ಇಂಗ್ಲಿಷಿನಲ್ಲಿ ಕರೆಯುವ ಅವಗೆಂಪು ಕಿರಣಗಳ ವಿಷಯವನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು 1800ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸರಳವಾದ ಪ್ರಯೋಗವನ್ನು ನಡೆಸಿದನು. ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಅದು ಬಣ್ಣಬಣ್ಣವಾಗಿ ಒಡೆದಾಗ, ಯಾವ ಬಣ್ಣದಲ್ಲಿ ಎಷ್ಟು ಶಾಖವಿದೆಯೆಂದು ಉಷ್ಣಮಾಪಕಗಳಿಂದ ಅಳೆದನು. ನೇರಳೆಯಿಂದ ಕೆಂಪಿನ ಕಡೆಗೆ ಹೋದಂತೆ ಶಾಖವು ಹೆಚ್ಚುತ್ತಿತ್ತು. ಆಶ್ಚರ್ಯವೆಂದರೆ, ಕೆಂಪನ್ನು ದಾಟಿ, ಬೆಳಕೇ ಬೀಳದಂತೆ ತೋರುವ ಸ್ಥಳದಲ್ಲಿಟ್ಟ ಉಷ್ಣಮಾಪಕದಲ್ಲಿ ಪಾದರಸವು ಇನ್ನೂ ಮೇಲಕ್ಕೇರಿತು. ಕಣ್ಣು ಕತ್ತಲೆಯೆಂದು ಹೇಳಿದ ಎಡೆಯಲ್ಲಿ ಕಿರಣಗಳಿದ್ದುವು!

ಬೆಳಕು ಅಲೆಗಳ ರೂಪದಲ್ಲಿ ಸಾಗುತ್ತದೆ. ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ, ಸುಮಾರು 4ರಿಂದ 7 ಪಾಲಿನಷ್ಟು ಉದ್ದದ ಅಲೆಗಳನ್ನು ಮಾತ್ರ ನಮ್ಮ ಕಣ್ಣು ಗ್ರಹಿಸಬಲ್ಲುದು. ಅದಕ್ಕಿಂತ ಉದ್ದವಾದವು ಅವಗೆಂಪು ಕಿರಣಗಳು. ಮಕ್ಕಳೇ, ಟೆಲಿವಿಷನ್ನಿನ ರಿಮೋಟನ್ನು ಮೊಬೈಲ್ ಫೋನಿನ ಕ್ಯಾಮೆರಾದ ಎದುರು ಹಿಡಿದು ಗುಂಡಿಯನ್ನು ಒತ್ತಿರಿ. ಬರಿಗಣ್ಣಿಗೆ ಏನೂ ತೋರದಿದ್ದರೂ ಅನೇಕ ಫೋನುಗಳ ಪರದೆಯ ಮೇಲೆ ರಿಮೋಟಿನ ತುದಿ ಮಿನುಗುವುದನ್ನು ಕಾಣುವಿರಿ.

ಈ ಕಿರಣಗಳಿಂದ ವಿದ್ಯಾಪ್ರಪಂಚಕ್ಕೆ ಆದ ಉಪಕಾರವು ಅಪಾರವಾದುದು. ಹಳೆಯ ಚರ್ಮವಾಗಲಿ ತಾಳೆಗರಿಯಾಗಲಿ ಕಾಲಕ್ರಮದಲ್ಲಿ ಕಂದಿ ಕಪ್ಪಾದಾಗ, ಕಪ್ಪಿನ ಮೇಲೆ ಕಪ್ಪಾಗಿ ಅಕ್ಷರಗಳು ಅಡಗಿಹೋಗುತ್ತವೆ. ಆದರೆ ಕಾಡಿಗೆಯಂತಹ ಇಂಗಾಲದ ಮಸಿಯು ಅವಗೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಕಂದಿದ ಚರ್ಮವೂ ಗರಿಯೂ ಅವನ್ನು ಬಹುಮಟ್ಟಿಗೆ ಹಿಂದಿರುಗಿಸುತ್ತವೆ. ಆದುದರಿಂದ ಆ ಕಿರಣಗಳಲ್ಲಿ ತೆಗೆದ ಛಾಯಾಚಿತ್ರದಲ್ಲಿ ಹಿನ್ನೆಲೆ ಬೆಳ್ಳಗಾಗಿ ಅಕ್ಷರಗಳು ಎದ್ದು ಕಾಣುತ್ತವೆ. ಮೃತ ಸಮುದ್ರದ ದಡದ ಗವಿಗಳಲ್ಲಿ 1947ರಿಂದ ಮೊದಲ್ಗೊಂಡು ದೊರೆತ ಪ್ರಾಚೀನ ಹೀಬ್ರೂ ಸುರುಳಿಗಳ ಚೂರುಗಳನ್ನು, 1950ರ ದಶಕದಲ್ಲಿ ಜೆರುಸಲೇಮಿನ ವಸ್ತುಸಂಗ್ರಹಾಲಯದಲ್ಲಿ ನಜೀಬ್ ಅಲ್ಬೀನಾ ಎಂಬ ಛಾಯಾಗ್ರಾಹಕರು ಈ ವಿಧಾನದಿಂದಲೇ ಚಿತ್ರಿಸಿದರು. ಕಣ್ಣಿಗೆ ಕರಿಯ ತೊಗಲಿನ ತುಣುಕಾಗಿದ್ದುದು ಚಿತ್ರದಲ್ಲಿ ಓದಬಹುದಾದ ಗ್ರಂಥವಾಯಿತು.

ಅಷ್ಟು ದೂರದ ಮಾತೇಕೆ? ನಮ್ಮ ಉಡುಪಿಯಲ್ಲಿದ್ದ, ಸುಮಾರು 700 ವರ್ಷ ಹಳೆಯದಾದ, ಶ್ರೀ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿ ಪ್ರತಿಯು ಕಪ್ಪಿಟ್ಟು, ಅಂಚು ಮುರಿದು, ಓದಲು ದುಸ್ತರವಾಗಿತ್ತು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡವು 2005-06ರ ಸುಮಾರಿನಲ್ಲಿ ಅವಗೆಂಪು ಬೆಳಕಿನ ನೆರವಿನಿಂದ ಅದರ ಗರಿಗಳನ್ನು ಚಿತ್ರಿಸಿ, ಗರಿಗೂ ಅಕ್ಷರಕ್ಕೂ ಇರುವ ಭೇದವನ್ನು ಸ್ಪಷ್ಟಗೊಳಿಸಿತು.

ಹಾಗೆಂದು ಈ ಕಿರಣವು ಸರ್ವರೋಗಕ್ಕೂ ಮದ್ದಲ್ಲ. ಯೂರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕಬ್ಬಿಣಾಂಶದ ಶಾಯಿಯು ಅವಗೆಂಪಿನಲ್ಲಿ ಎದ್ದು ಕಾಣುವುದರ ಬದಲು ಮಸುಕಾಗುತ್ತದೆ. ಇನ್ನು ಗೆದ್ದಲು ತಿಂದ ಗರಿಯನ್ನೂ ಒಲೆಗೆ ಹಾಕಿದ ಗ್ರಂಥವನ್ನೂ ಯಾವ ಬೆಳಕೂ ಮರಳಿ ತರಲಾರದು. ವಿಜ್ಞಾನವು ಅಡಗಿದ್ದನ್ನು ತೋರಿಸಬಲ್ಲುದೇ ಹೊರತು ಅಳಿದದ್ದನ್ನು ಸೃಷ್ಟಿಸಲಾರದು.

ಆದುದರಿಂದಲೇ ನನ್ನ ವಿಜ್ಞಾಪನೆ. ಗಡಿನಾಡಿನ ನಮ್ಮ ಹಳೆಯ ಮನೆಗಳ ಅಟ್ಟದ ಮೇಲೆ ಓಲೆಗರಿಯ ಕಟ್ಟುಗಳಿರಬಹುದು. ಕಂಠದಿಂದ ಕೊರೆದು ಕಾಡಿಗೆ ತುಂಬಿದ ಆ ಗರಿಗಳಲ್ಲಿ ಯಕ್ಷಗಾನದ ಪ್ರಸಂಗವೋ, ನಾಟಿವೈದ್ಯದ ಪಾಠವೋ, ಅಜ್ಜನ ಕಾಲದ ಗೇಣಿಯ ಲೆಕ್ಕವೋ ಇರಬಹುದು. ಓದಲಾಗದೆಂಬ ಒಂದೇ ಕಾರಣದಿಂದ ಅವನ್ನು ಹೊಳೆಗೆ ಬಿಡಬೇಡಿರಿ. ತಿಳಿದವರ ಸಲಹೆಯಿಲ್ಲದೆ ಎಣ್ಣೆ ಹಚ್ಚಿ ತಿಕ್ಕಬೇಡಿರಿ, ನೀರಿನಿಂದ ತೊಳೆಯಬೇಡಿರಿ. ಒಣಗಿದ ಶುಭ್ರವಾದ ಬಟ್ಟೆಯಲ್ಲಿ ಸುತ್ತಿಟ್ಟು, ಹಸ್ತಪ್ರತಿಗಳನ್ನು ಬಲ್ಲ ವಿದ್ವಾಂಸರಿಗೆ ತೋರಿಸಿರಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಗ್ರಂಥಾಲಯಕ್ಕೆ ಒಪ್ಪಿಸಿದ ತಾಳೆಗರಿಯ ಕಟ್ಟಿನಿಂದಲ್ಲವೇ ಕೌಟಿಲ್ಯನ ಅರ್ಥಶಾಸ್ತ್ರವು ಆರ್. ಶಾಮಶಾಸ್ತ್ರಿಗಳ ಸಂಪಾದನೆಯಲ್ಲಿ 1909ರಲ್ಲಿ ಅಚ್ಚಾಗಿ ಹೊರಬಂದದ್ದು!

ಅನ್ಯಭಾಷೆಯ ಆಡಳಿತವಿರುವ ನೆಲದಲ್ಲಿ ಕನ್ನಡವನ್ನು ಕಲಿಯುತ್ತಿರುವ ಮಕ್ಕಳೇ, ಅಕ್ಷರವನ್ನು ಬೆಳಗಿಸುವ ಕೆಲಸ ಯಂತ್ರದ್ದು. ಬೆಳಗಿದ ಅಕ್ಷರವನ್ನು ಓದಿ ಅರ್ಥಮಾಡಿಕೊಳ್ಳುವ ಕೆಲಸ ಭಾಷೆ ಬಲ್ಲವರದು. ಗರಿಗಳು ಉಳಿದು, ಓದುವವರೇ ಇಲ್ಲದಂತಾದರೆ ಆ ಬೆಳಕೆಲ್ಲ ವ್ಯರ್ಥ. ಆ ಓದುಗರು ನೀವಾಗಬೇಕೆಂದು ಹಾರೈಸುತ್ತೇನೆ.