ಒಂದು ಏಣು, ಎರಡು ಹಣೆಬರಹ

ಯೂರೋಪಿನ ಕಾರ್ಪೇಥಿಯನ್ ಪರ್ವತಶ್ರೇಣಿ ತಲೆತಗ್ಗಿಸಿದಂತೆ ತೋರುವ ಒಂದು ಕಡೆ ಉಂಟು. ಪೋಲೆಂಡು ಮತ್ತು ಸ್ಲೋವಾಕಿಯಾಗಳ ನಡುವಣ ಈ ಏಣಿನ ಮೇಲೆ ಮಳೆ ಸುರಿದರೆ ನೀರು ಎರಡಾಗಿ ಒಡೆಯುತ್ತದೆ. ತೆಂಕಣ ಇಳಿಜಾರಿಗೆ ಬಿದ್ದ ಹನಿ ಡಾನ್ಯೂಬ್ ನದಿಯನ್ನು ಸೇರಿ ಕಪ್ಪುಸಮುದ್ರಕ್ಕೆ ಹರಿಯುತ್ತದೆ. ಬಡಗಣ ಇಳಿಜಾರಿನದು ವಿಸ್ತುಲಾ ನದಿಯ ಮೂಲಕ ಬಾಲ್ಟಿಕ್ ಸಮುದ್ರಕ್ಕೆ. ಆ ಬಡಗಣ ಇಳಿಜಾರಿನ ಒಂದು ಹಳ್ಳದ ದಂಡೆಯಲ್ಲಿ, ದುಕ್ಲಾ ಕಣಿವೆಯ ಹತ್ತಿರ, ಜಿಂದ್ರನೋವಾ ಎಂಬ ಪುಟ್ಟ ಗ್ರಾಮವಿದೆ. ನಾನು ಇಂದು ಹೇಳಹೊರಟಿರುವುದು ಅದರ ಕಥೆಯನ್ನು.

ಏಣಿನ ಎರಡು ಬದಿಯಲ್ಲಿಯೂ ಶತಮಾನಗಳಿಂದ ಬಾಳಿದವರು ರುಸಿನ್ ಜನ. ಬಡಗಣದವರಿಗೆ ಲೆಮ್ಕೊ ಎಂದು ಹೆಸರು. ಅವರ ನುಡಿಯಲ್ಲಿ ‘ಲೆಮ್’ ಎಂದರೆ ‘ಮಾತ್ರ’. ಮಾತಿಗೊಮ್ಮೆ ಆ ಪದ ಬರುವುದನ್ನು ಕೇಳಿ ನೆರೆಯವರು ಹಾಸ್ಯಕ್ಕೆ ಇಟ್ಟ ಹೆಸರು ಕ್ರಮೇಣ ಕುಲದ ಹೆಸರಾಯಿತೆಂದು ಹೇಳುತ್ತಾರೆ. ಮಣ್ಣು ತೆಳು, ಚಳಿಗಾಲ ದೀರ್ಘ. ಓಟ್ಸ್, ಆಲೂಗೆಡ್ಡೆ, ಒಂದಿಷ್ಟು ಕುರಿ, ಒಂದು ಜೊತೆ ಎತ್ತು, ಸುತ್ತ ಬೀಚ್ ಮತ್ತು ಫರ್ ಮರಗಳ ಕಾಡು: ಇಷ್ಟೇ ಅವರ ಐಶ್ವರ್ಯ. ಮನೆಗೆ ಅವರು ‘ಖಿಜಾ’ ಎನ್ನುತ್ತಾರೆ. ಮರದ ದಿಮ್ಮಿಗಳ ಉದ್ದನೆಯ ಕಟ್ಟಡ. ಮನುಷ್ಯರ ಕೋಣೆ, ಒಕ್ಕುವ ಕಣ, ದನದ ಕೊಟ್ಟಿಗೆ ಎಲ್ಲವೂ ಒಂದೇ ಮಾಡಿನ ಕೆಳಗೆ.

ಏಣು ತಗ್ಗಾದುದರಿಂದಲೇ ಅಲ್ಲಿ ದಾರಿ ಉಂಟಾಯಿತು. ಆದರೆ ವರ್ತಕರು ಬಂದ ದಾರಿಯಲ್ಲಿಯೇ ಸೈನ್ಯಗಳೂ ಬಂದವು. ಮೊದಲ ಮಹಾಯುದ್ಧದಲ್ಲಿ ರಷ್ಯದ ಮತ್ತು ಆಸ್ಟ್ರಿಯದ ಪಡೆಗಳು ಈ ಬೆಟ್ಟಗಳಲ್ಲಿ ಹೋರಾಡಿದವು. 1942ರಲ್ಲಿ ನಾಜಿಗಳು ದುಕ್ಲಾ ಪ್ರಾಂತದ ಯಹೂದ್ಯರನ್ನು ನೆರೆಯ ತಿಲಾವಾ ಗ್ರಾಮದ ಬಳಿಯ ಕಾಡಿನಲ್ಲಿ ಗುಂಡಿಟ್ಟು ಕೊಂದರು. 1944ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ದುಕ್ಲಾ ಕಣಿವೆಗಾಗಿ ಘೋರ ಕದನ ನಡೆಯಿತು.

ಯುದ್ಧ ಮುಗಿದರೂ ಸಂಕಟ ಮುಗಿಯಲಿಲ್ಲ. ಮೊದಲು ಬಹುಮಂದಿಯನ್ನು ಸೋವಿಯತ್ ಉಕ್ರೇನಿಗೆ ಸಾಗಿಸಿದರು. ಉಳಿದವರ ಸರದಿ 1947ರ ಏಪ್ರಿಲ್ 28ರಂದು ಆರಂಭವಾಯಿತು. ಉಕ್ರೇನಿ ಬಂಡುಕೋರರಿಗೆ ಆಸರೆ ತಪ್ಪಿಸುವುದೆಂಬುದು ಪೋಲಿಷ್ ಸರ್ಕಾರ ಕೊಟ್ಟ ಕಾರಣ. ಉಕ್ರೇನಿಯರೂ ಲೆಮ್ಕೊಗಳೂ ಸೇರಿ ಸುಮಾರು 1,40,000 ಜನರನ್ನು ಬಂಡಿ, ರೈಲುಗಳಲ್ಲಿ ತುಂಬಿ, ಜರ್ಮನಿಯಿಂದ ಪಡೆದ ಪಶ್ಚಿಮ ಮತ್ತು ಉತ್ತರದ ಸೀಮೆಗಳಲ್ಲಿ ಚದುರಿಸಿದರು. ಈ ಕಾರ್ಯಾಚರಣೆಗೆ ಅವರು ಆರಿಸಿದ ಹೆಸರು ‘ವಿಸ್ತುಲಾ’. ಜಿಂದ್ರನೋವಾದ ಹಳ್ಳ ಕೊನೆಗೆ ಸೇರುವ ನದಿಯ ಹೆಸರೇ ಅದರ ಜನರನ್ನು ಹೊರದೂಡಿದ ಆಜ್ಞೆಯ ಹೆಸರೂ ಆಯಿತು! ಏಣಿನ ತೆಂಕಣ ಬದಿಯ ರುಸಿನರಿಗೆ ಇಂಥ ಆಜ್ಞೆ ಬರಲಿಲ್ಲ. ಅವರಿಗೆ ಬೇರೆ ಕಷ್ಟಗಳಿದ್ದುವು. ಆದರೆ ಊರು ಊರಾಗಿ ಉಳಿಯಿತು. ನುಡಿ ಒಂದು, ಬಂಧುತ್ವ ಒಂದು. ಮಳೆಹನಿಯಂತೆ, ಯಾವ ಬದಿಗೆ ಬಿದ್ದರೆಂಬುದೇ ಹಣೆಬರಹವಾಯಿತು.

ಇಂದಿಗೂ ಬಡಗಣ ಕಣಿವೆಗಳಲ್ಲಿ ಅಲೆಯುವವನಿಗೆ ಕಾಡಿನ ನಡುವೆ ಒಮ್ಮೆಗೇ ಹಣ್ಣಿನ ಮರಗಳ ಸಾಲು ಕಾಣುತ್ತದೆ. ಪಕ್ಕದಲ್ಲಿ ಒಂದು ಕಲ್ಲಿನ ಶಿಲುಬೆ. ಅಲ್ಲೊಂದು ಹಳ್ಳಿ ಇತ್ತೆಂಬುದಕ್ಕೆ ಅಷ್ಟೇ ಸಾಕ್ಷಿ.

1956ರ ಬಳಿಕ ಕೆಲವರು ಮರಳಿದರು. ಎಲ್ಲರಿಗೂ ಅದು ಸಾಧ್ಯವಾಗಲಿಲ್ಲ. ಜಿಂದ್ರನೋವಾದಲ್ಲಿ ಹುಟ್ಟಿದ ತಿಯೊದೋರ್ ಗೋಚ್ 1968ರಲ್ಲಿ ತನ್ನ ಮನೆತನದ ಹಳೆಯ ಖಿಜಾವನ್ನೇ ಲೆಮ್ಕೊ ಸಂಸ್ಕೃತಿಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ. ಪೋಲೆಂಡಿನಲ್ಲಿ ಲೆಮ್ಕೊ ಎಂದು ಗಟ್ಟಿಯಾಗಿ ಹೇಳಿಕೊಳ್ಳುವುದು ಸುಲಭವಲ್ಲದ ಕಾಲ ಅದು. ಬೇಸಾಯದ ಮುಟ್ಟು, ಉಡುಪು, ಯುದ್ಧದ ಅವಶೇಷ ಎಲ್ಲವನ್ನೂ ಆತ ಕೂಡಿಹಾಕಿದ. ಊರಿನ ಯಹೂದ್ಯ ಕುಟುಂಬವೊಂದರ ಪುಟ್ಟ ಮನೆಯೂ ಇಂದು ಅದೇ ಸಂಗ್ರಹಾಲಯಕ್ಕೆ ಸೇರಿದೆ. ತನ್ನವರ ದುಃಖವನ್ನು ಕಾಪಾಡಹೊರಟ ಜಾಗದಲ್ಲಿ ನೆರೆಯವನ ದುಃಖಕ್ಕೂ ಎಡೆ ದೊರೆತದ್ದು ದೊಡ್ಡ ಮಾತೆಂದು ನನ್ನ ಭಾವನೆ.

1990ರಲ್ಲಿ ಪೋಲೆಂಡಿನ ಸೆನೆಟ್ ಸಭೆ ಆ ಉಚ್ಚಾಟನೆಯನ್ನು ಖಂಡಿಸಿತು. 2005ರ ಕಾಯಿದೆ ಲೆಮ್ಕೊಗಳನ್ನು ಒಂದು ಅಲ್ಪಸಂಖ್ಯಾತ ಜನಾಂಗವೆಂದು ಮನ್ನಿಸಿತು. 2007ರ ಡಿಸೆಂಬರಿನಲ್ಲಿ ಏಣಿನ ಮೇಲಿನ ಗಡಿ ತಪಾಸಣೆಯೂ ನಿಂತಿತು. ಗೋಚ್ 2018ರಲ್ಲಿ ತೀರಿಕೊಂಡ.

ಬೆಟ್ಟ, ಹಳ್ಳ, ಕಾಡು ಯಾರ ಅಪ್ಪಣೆಗೂ ಕಾಯದೆ ಉಳಿಯುತ್ತವೆ. ಚರಿತ್ರೆ ಹಾಗಲ್ಲ, ಯಾರಾದರೊಬ್ಬರು ಮನೆಯ ಬಾಗಿಲನ್ನು ತೆರೆದಿಟ್ಟು ಕಾಯಬೇಕಾಗುತ್ತದೆ. ಜಿಂದ್ರನೋವಾದಲ್ಲಿ ಅಂಥ ಒಬ್ಬನಿದ್ದ.