ಅಂಗೈಯಷ್ಟು ಉಗಿಯಂತ್ರ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)





ಶಿಕ್ಷಣದ ಮಹತ್ವವನ್ನು ಕುರಿತು ಮಾತನಾಡಲು ಈ ವೇದಿಕೆಯಲ್ಲಿ ನನಗಿಂತ ಬಲ್ಲವರಿದ್ದಾರೆ. ನನಗೆ ಕೊಟ್ಟ ಸಮಯವನ್ನು ಒಂದು ಸಣ್ಣ ವಸ್ತುವಿಗೆ ಮೀಸಲಿಡುತ್ತೇನೆ. ಮನೆಯ ಹಿತ್ತಿಲ ಕೋಣೆಯಲ್ಲಿ, ಅಂಗೈ ಮೇಲೆ ಕೂರುವಷ್ಟು ಚಿಕ್ಕದಾದ, ಆದರೆ ನಿಜವಾಗಿಯೂ ಓಡುವ ಉಗಿಯಂತ್ರವನ್ನು ಮಾಡುವ ವಿಷಯ.

ನಮ್ಮ ಕರಾವಳಿಯವರಿಗೆ ಉಗಿಬಂಡಿಯ ಪರಿಚಯ ಕಡಿಮೆ. ಭಟ್ಕಳ, ಹೊನ್ನಾವರ, ಕುಮಟಾಗಳಿಗೆ ರೈಲು ಬಂದದ್ದೇ 1990ರ ದಶಕದಲ್ಲಿ. ಕೊಂಕಣ ರೈಲುಮಾರ್ಗ ಪೂರ್ತಿ ತೆರೆದದ್ದು 1998ರಲ್ಲಿ. ಹೊನ್ನಾವರದ ಬಳಿ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ದಾಟಿದ್ದು ಡೀಸೆಲ್ ಎಂಜಿನ್. 2022ರಲ್ಲಿ ಮಾರ್ಗದ ವಿದ್ಯುದೀಕರಣವೂ ಮುಗಿಯಿತು. ಹಾಗೆಂದು ಉಗಿಯ ಕಾಲ ಮುಗಿಯಿತು ಎನ್ನಬೇಡಿ. ನಮ್ಮದೇ ಜಿಲ್ಲೆಯ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅಣುಶಕ್ತಿಯೆಂದರೆ ಏನೋ ಮಾಯೆ ಎಂದುಕೊಳ್ಳುತ್ತೇವೆ. ಕಡೆಗೆ ಅಲ್ಲಿ ನಡೆಯುವುದೂ ನೀರು ಕಾಯಿಸಿ, ಉಗಿಯಿಂದ ಟರ್ಬೈನ್ ತಿರುಗಿಸುವ ಕೆಲಸವೇ.

ಜಾತ್ರೆಯಲ್ಲಿ ಮಾರುವ ತಗಡಿನ ದೋಣಿಯನ್ನು ನೀವು ಬಲ್ಲಿರಿ. ಒಳಗೆ ದೀಪ ಹಚ್ಚಿ ನೀರಿಗೆ ಬಿಟ್ಟರೆ ಪಟಪಟ ಸದ್ದು ಮಾಡುತ್ತ ಓಡುತ್ತದೆ. ಅದೂ ಉಗಿಯಂತ್ರವೇ. ಕೊಳವೆಯ ನೀರು ಕುದಿದು ಉಗಿ ಹಿಂದಕ್ಕೆ ನೂಕುತ್ತದೆ, ಉಗಿ ತಣಿದಾಗ ನೀರು ಮತ್ತೆ ಒಳಗೆ ಬರುತ್ತದೆ. ಹಾಗಾದರೆ ದೋಣಿ ನಿಂತಲ್ಲೇ ಹಿಂದೆ ಮುಂದೆ ಆಡಬೇಕಲ್ಲ? ಹೊರಡುವ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಬರುವ ನೀರು ಎಲ್ಲ ಕಡೆಯಿಂದ ಸೇರುತ್ತದೆ. ಆದ್ದರಿಂದ ಮುಂದೆ ಸಾಗುತ್ತದೆ. ಹತ್ತನೆಯ ತರಗತಿಯವರು ಇದನ್ನು ಮಾಡಿಯೇ ನೋಡಬೇಕು.

ಗೊಂಬೆಯಾಟ ಎಂದು ನಗುವವರಿಗೆ ಒಂದು ಇತಿಹಾಸ. 1763ರ ಚಳಿಗಾಲದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಉಪಕರಣ ರಿಪೇರಿಗಾರ ಜೇಮ್ಸ್ ವ್ಯಾಟ್‌ನ ಕೈಗೆ ನ್ಯೂಕೊಮೆನ್ ಎಂಜಿನ್ನಿನ ಪುಟ್ಟ ಮಾದರಿಯೊಂದು ದುರಸ್ತಿಗೆ ಬಂತು. ನಾಲ್ಕಾರು ಹೊಡೆತಕ್ಕೇ ಅದರ ಉಗಿ ಮುಗಿಯುತ್ತಿತ್ತು. ಯಾಕೆಂದು ಆತ ಅಳೆದು ನೋಡಿದ. ಪ್ರತಿ ಸಲ ಸಿಲಿಂಡರನ್ನು ತಣಿಸಿ ಮತ್ತೆ ಕಾಯಿಸುವುದರಲ್ಲೇ ಹೆಚ್ಚಿನ ಉಗಿ ವ್ಯರ್ಥವಾಗುತ್ತಿತ್ತು. 1765ರಲ್ಲಿ ಉಗಿಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ ಉಪಾಯ ಹೊಳೆಯಿತು, 1769ರಲ್ಲಿ ಪೇಟೆಂಟ್ ಸಿಕ್ಕಿತು. ದೊಡ್ಡ ಎಂಜಿನ್ನಿನಲ್ಲಿ ಐವತ್ತು ವರ್ಷ ಯಾರೂ ಲೆಕ್ಕಕ್ಕಿಡದ ದೋಷ ಮಾದರಿಯಲ್ಲಿ ಎದ್ದು ಕಂಡಿತು. ಗಾತ್ರ ಅರ್ಧವಾದರೆ ಮೇಲ್ಮೈ ಕಾಲು ಭಾಗ, ಒಳಗಿನ ಜಾಗ ಎಂಟನೆಯ ಒಂದು ಭಾಗ. ಅಂದರೆ ಹಿಡಿದ ಉಗಿಗೆ ಹೋಲಿಸಿದರೆ ತಣಿಯುವ ಗೋಡೆ ಇಮ್ಮಡಿ. ಸಣ್ಣದು ಮಾಡುವುದು ಸುಲಭವಲ್ಲ, ಕಷ್ಟ.

ತಕೀಯುದ್ದೀನರು 1551ರಲ್ಲೇ ಉಗಿಯಿಂದ ಕಬಾಬಿನ ಸಲಾಕೆ ತಿರುಗಿಸುವ ಬಗೆ ಬರೆದಿದ್ದಾರೆ. ಇದನ್ನು ಹೇಳಿ ಎದೆಯುಬ್ಬಿಸುವವರನ್ನು ನಾನು ಕಂಡಿದ್ದೇನೆ. ಅವರು ಬರೆದದ್ದು ಉಗಿಯ ಧಾರೆಯಿಂದ ತಿರುಗುವ ಚಕ್ರ, ಪಿಸ್ಟನ್ ಎಂಜಿನ್ ಅಲ್ಲ. ಅವರ ಮೇಲಿನ ಗೌರವವನ್ನು ಕೈಯಿಂದ ಕೆಲಸ ಮಾಡಿ ತೋರಿಸೋಣ. ನಾಗಪುರದ ಇಕ್ಬಾಲ್ ಅಹ್ಮದ್ ಹಾಗೆ ತೋರಿಸಿದವರು. ಅವರ ಉಗಿಯಂತ್ರವೊಂದರ ಎತ್ತರ ಏಳು ಮಿಲಿಮೀಟರಿಗೂ ಕಡಿಮೆ, ತೂಕ ಎರಡು ಗ್ರಾಮಿನೊಳಗೆ.

ನೀವು ಅಷ್ಟು ದೂರ ಹೋಗಬೇಡಿ. 10 ಮಿಲಿಮೀಟರ್ ಒಳವ್ಯಾಸ, 20 ಮಿಲಿಮೀಟರ್ ಓಟ ಸಾಕು. ಆರಂಭಕ್ಕೆ ತೂಗಾಡುವ ಸಿಲಿಂಡರಿನ ಎಂಜಿನ್ನೇ ಸರಿ, ಅದಕ್ಕೆ ಬೇರೆ ವಾಲ್ವ್ ಬೇಡ. ಸಿಲಿಂಡರಿನ ಬೆನ್ನಿಗೆ ಒಂದು ತೂತು, ಅದು ಒರಗುವ ನಿಂತ ತಗಡಿಗೆ ಎರಡು ತೂತು. ಕ್ರ್ಯಾಂಕ್ ತಿರುಗಿದಂತೆ ಸಿಲಿಂಡರ್ ಅತ್ತಿತ್ತ ವಾಲುತ್ತದೆ. ಒಂದು ಬದಿಗೆ ವಾಲಿದಾಗ ಉಗಿ ಒಳಗೆ, ಇನ್ನೊಂದು ಬದಿಗೆ ವಾಲಿದಾಗ ಹೊರಗೆ. ನಡುವೆ ಎರಡೂ ಮುಚ್ಚಿರುವಾಗ ದಾಟಿಸುವುದು ಫ್ಲೈವೀಲಿನ ಭಾರ. ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋ ಇದ್ದರೆ ಪಿಸ್ಟನ್ನಿನ ಮೇಲೆ ಬೀಳುವ ಬಲ ಮುಕ್ಕಾಲು ಕಿಲೋ ಮಾತ್ರ. ಆದ್ದರಿಂದ ಉಜ್ಜಾಟ ಕಡಿಮೆಯಿರಬೇಕು. ಒರಗುವ ಎರಡು ಮುಖಗಳನ್ನು ಗಾಜಿನ ಹಲಗೆಯ ಮೇಲೆ ನುಣುಪು ಎಮರಿ ಕಾಗದ ಹಾಸಿ, ತಿರುಗಿಸಿ ತಿರುಗಿಸಿ ಉಜ್ಜಿರಿ. ಎಂಜಿನ್ ಓಡುವುದೂ ಓಡದಿರುವುದೂ ಇಲ್ಲೇ ನಿರ್ಧಾರವಾಗುತ್ತದೆ. ಅವಸರದ ಹುಡುಗರು ಇದನ್ನೇ ಬಿಟ್ಟುಬಿಡುತ್ತಾರೆ.

ಹಿತ್ತಾಳೆ ಗುಜರಿಯಲ್ಲಿ ಸಿಗುತ್ತದೆ. ಲೇತ್ ಇಲ್ಲದವರು ದೋಣಿ ಎಂಜಿನ್ ರಿಪೇರಿ ಮಾಡುವ ವರ್ಕ್‌ಶಾಪಿನವರನ್ನು ವಿನಯದಿಂದ ಕೇಳಿ. ಬೆಸುಗೆಯ ಗುರು ಅಕ್ಕಸಾಲಿಗರು. ಬಿಳಿಗಾರ ಹಚ್ಚಿ ಬೆಳ್ಳಿಯ ಬೆಸುಗೆ ಹಾಕುವ ಅವರ ಕೈಯನ್ನು ಅರ್ಧ ದಿನ ಕೂತು ನೋಡಿ.

ಇನ್ನು ಬಾಯ್ಲರ್. ಪೋಷಕರು ಇದನ್ನು ಕೇಳಿಸಿಕೊಳ್ಳಬೇಕು. ಒಂದು ಚಮಚ ನೀರು ಉಗಿಯಾದರೆ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಆದ್ದರಿಂದ ಮೊದಲು ಬಾಯ್ಲರೇ ಬೇಡ. ಸೈಕಲ್ ಪಂಪಿನ ಗಾಳಿಯಿಂದ ಎಂಜಿನ್ ಓಡಿಸಿ. ಅದು ಸರಾಗವಾಗಿ ಓಡಿದ ಮೇಲೆ ತಾಮ್ರದ ಕೊಳವೆಯ ಬಾಯ್ಲರ್. ಡಬ್ಬಿ, ತಗಡಿನ ಪಾತ್ರೆ ಬೇಡವೇ ಬೇಡ. ರೇಡಿಯೋ ರಿಪೇರಿಯ ಸೀಸದ ಬೆಸುಗೆಯೂ ಬೇಡ, 183 ಡಿಗ್ರಿಗೇ ಅದು ಕರಗತೊಡಗುತ್ತದೆ. ನೀರು ಆರಿದ ಬಾಯ್ಲರು ಆ ಬಿಸಿಯನ್ನು ಬೇಗ ಮುಟ್ಟುತ್ತದೆ. ಸೇಫ್ಟಿ ವಾಲ್ವ್ ಇಲ್ಲದೆ ಬೆಂಕಿ ಹಚ್ಚಬಾರದು. ಅದಕ್ಕೂ ಮೊದಲು ತಣ್ಣೀರು ತುಂಬಿ, ಗಾಳಿ ಒಂದಿಷ್ಟೂ ಉಳಿಯದಂತೆ ನೋಡಿ, ಕೆಲಸದ ಒತ್ತಡದ ಎರಡರಷ್ಟು ಒತ್ತಿ ಪರೀಕ್ಷಿಸಬೇಕು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಬಾಯ್ಲರ್ ಬಿರುಕು ಬಿಟ್ಟರೂ ಸೋರುತ್ತದೆ ಅಷ್ಟೇ, ಸಿಡಿಯುವುದಿಲ್ಲ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಒಬ್ಬ ಹಿರಿಯರು. ಇಷ್ಟು ಒಪ್ಪದವರಿಗೆ ಗಾಳಿಯ ಎಂಜಿನ್ನೇ ಇರಲಿ.

ಒಂದು ಕಹಿ ಮಾತು ಹೇಳುತ್ತೇನೆ, ಕ್ಷಮಿಸಿ. ಎಂಜಿನಿಯರಿಂಗಿನ ಕೊನೆಯ ವರ್ಷದ ಪ್ರಾಜೆಕ್ಟನ್ನು ಪಟ್ಟಣದ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಹುಡುಗರಿದ್ದಾರೆ. ವರದಿಯೂ ಅಲ್ಲೇ ಸಿದ್ಧ. ಅಂಥವನೊಬ್ಬನ ಕೈಗೆ ನಾನು ಅರ ಕೊಟ್ಟೆ. ಅದರ ಹಲ್ಲು ಮುಂದಕ್ಕೆ ನೂಕುವಾಗ ಕೊರೆಯುತ್ತದೋ ಹಿಂದಕ್ಕೆ ಎಳೆಯುವಾಗಲೋ ಅವನಿಗೆ ತಿಳಿದಿರಲಿಲ್ಲ. ನಾಳೆ ದುಬೈಯಲ್ಲೋ ದಮ್ಮಾಮಿನಲ್ಲೋ ಅವನ ಸಹಿಯ ಕೆಳಗೆ ಇತರರು ಕೆಲಸ ಮಾಡಬೇಕು. ತಪ್ಪು ಅವನದೊಂದೇ ಅಲ್ಲ. ಕೈಗೆ ಮಸಿ ಹತ್ತಿಸಿಕೊಂಡು ಬಂದ ಮಗನನ್ನು ನಾವೇ ಬಾಗಿಲಲ್ಲಿ ಗದರಿಸುತ್ತೇವೆ. ಮಗಳ ಕೈಗಂತೂ ಸ್ಕ್ರೂಡ್ರೈವರ್ ಕೊಡುವುದೇ ಇಲ್ಲ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ಕೋರಿಕೆ. ಮುಂದಿನ ವರ್ಷ ಸ್ಮರಣಿಕೆ, ಶಾಲುಗಳ ಖರ್ಚನ್ನು ಒಂದಿಷ್ಟು ಕಡಿಮೆ ಮಾಡಿ, ಹಳೆಯದಾದರೂ ಸರಿ ಒಂದು ಸಣ್ಣ ಲೇತ್, ಎರಡು ವೈಸ್, ಒಂದು ಡ್ರಿಲ್ಲಿಂಗ್ ಮೆಷಿನ್ ಕೊಳ್ಳೋಣ. ಸಂಜೆ ಎರಡು ತಾಸು ಬಾಗಿಲು ತೆರೆದಿರಲಿ, ಹೆಣ್ಣುಮಕ್ಕಳಿಗೂ ದಿನ ಗೊತ್ತುಮಾಡಿರಿ. ಕೀಲಿಕೈ ಇಟ್ಟುಕೊಂಡು ಕೂರುವ ಕೆಲಸ ನನಗೆ ಬಿಡಿ, ಸಂಬಳ ಬೇಡ.

ಊಟಕ್ಕೆ ಮುಂಚೆ ಹೊರಗಿನ ಜಗಲಿಯಲ್ಲಿ ನನ್ನ ಎಂಜಿನ್ನನ್ನು ಓಡಿಸುತ್ತೇನೆ. ಮೊದಲ ಒಂದೆರಡು ನಿಮಿಷ ಬಿಸಿನೀರು ಉಗುಳುತ್ತದೆ, ಸಿಲಿಂಡರ್ ಕಾದ ಮೇಲೆ ವೇಗ ಹಿಡಿಯುತ್ತದೆ. ಮಕ್ಕಳು ಮುಂದೆ ನಿಲ್ಲಲಿ, ಆದರೆ ಒಂದು ಮಾರು ದೂರದಲ್ಲಿ.